ಕಲ್ಪಿತ ಭಾಷೆಗೆ ಸದ್ದಿನ ಪದಗಳನ್ನು ಕಟ್ಟುವ ಬಗೆ: ‘ಟಕ್’ನಿಂದ ನಿಟ್ಟುಸಿರಿನವರೆಗೆ

ಮರ, ನೀರು, ಅಣ್ಣ, ಹೋಗು, ತಿನ್ನು ಎಂಬುದಕ್ಕೆಲ್ಲ ಪದ ಕಟ್ಟಿ ಮುಗಿಸಿದ ಕಲ್ಪಿತ ಭಾಷೆ (ಒಬ್ಬರು ಕೂತು ಹೊಸದಾಗಿ ಕಟ್ಟಿದ ನುಡಿ) ಮೊದಲ ಕಥೆ ಬರೆಯುವಾಗ ಮುಗ್ಗರಿಸುವುದು ಸಾಮಾನ್ಯವಾಗಿ ಸದ್ದಿನ ಹತ್ತಿರ. ಬಾಗಿಲು ಧಡ್ ಎಂದಿತು, ಮಗು ಬಿಕ್ಕಿತು, ಯಾರೋ ಗೊಣಗಿದರು ಎಂದು ಬರೆಯಲು ಹೊರಟರೆ ನಿಘಂಟು ಖಾಲಿ. ಆಗ ಹೆಚ್ಚಿನವರು ಇಂಗ್ಲಿಷಿನ ಒಂದು ಪಟ್ಟಿ ತೆಗೆದು, ಸಾಲುಸಾಲಾಗಿ ಒಂದೊಂದಕ್ಕೂ ಹೊಸ ಪದ ಹೊಸೆಯುತ್ತಾರೆ. ಹೀಗೆ ಹುಟ್ಟಿದ 100 ಪದಗಳು ಇಂಗ್ಲಿಷಿಗೇ ಹಾಕಿದ ಮುಸುಕಿನಂತಿರುತ್ತವೆ. ಇಂಗ್ಲಿಷ್ ನಗುವನ್ನು ಎಷ್ಟು ಬಗೆಯಾಗಿ ಹಂಚಿದೆಯೋ ನಿಮ್ಮ ಭಾಷೆಯೂ ಅಷ್ಟೇ ಬಗೆಯಾಗಿ ಹಂಚಿರುತ್ತದೆ.

ಸದ್ದಿನ ಪದಗಳನ್ನು ಪಟ್ಟಿಯಾಗಿ ಮಾಡಬಾರದು, ಯಂತ್ರವಾಗಿ ಮಾಡಬೇಕು. ಯಾವ ವ್ಯಂಜನ, ಯಾವ ಸ್ವರ, ಯಾವ ಕೊನೆ ಏನನ್ನು ಹೇಳುತ್ತದೆ ಎಂಬ ಸಣ್ಣ ಕೋಷ್ಟಕ ಒಮ್ಮೆ ಸಿದ್ಧವಾದರೆ ಪದಗಳು ತಾವಾಗಿ ಬರುತ್ತವೆ. ಹಾಗೆ ಬಂದವುಗಳಲ್ಲಿ ಯಾವುದನ್ನು ಕೈಬಿಡಬೇಕು ಎಂಬುದೇ ಆಮೇಲಿನ ಕೆಲಸ. ಮುಂದಿನ ಉದಾಹರಣೆಗಳಿಗೆ ‘ಲುವೇರ’ ಎಂಬ ಪುಟ್ಟ ಭಾಷೆಯೊಂದನ್ನು ಇಲ್ಲೇ ಕಟ್ಟುತ್ತ ಹೋಗೋಣ.

ಮೊದಲು ಗೂಡುಗಳು, ಆಮೇಲೆ ಪದಗಳು

ಸದ್ದಿನ ಪದ ಎಂದು ಒಟ್ಟಾಗಿ ಕರೆಯುವುದರಲ್ಲಿ ಐದು ಬೇರೆ ಬೇರೆ ಸಂಗತಿಗಳಿವೆ. ಇವನ್ನು ಬೆರೆಸಿಬಿಟ್ಟರೆ ಮುಂದೆ ವ್ಯಾಕರಣ ಗೋಜಲಾಗುತ್ತದೆ.

1. ಸದ್ದಿನ ಅನುಕರಣೆ: ಟಕ್, ಠಣ್, ಜುಳುಜುಳು.
2. ಸದ್ದಿನ ಹೆಸರು: ಬಡಿತ, ಗೊರಕೆ, ಸಪ್ಪಳ.
3. ಸದ್ದು ಮಾಡುವ ಕ್ರಿಯೆ: ಗೊಣಗು, ಚೀರು, ಮೊರೆ.
4. ಸದ್ದಿನ ಗುಣ: ಇಂಪು, ಕರ್ಕಶ, ಕೀರಲು.
5. ಉದ್ಗಾರ: ಅಯ್ಯೋ, ಛೀ, ಅಬ್ಬಾ.

ಮೂರನೆಯದಕ್ಕೂ ಐದನೆಯದಕ್ಕೂ ಇರುವ ಅಂತರವನ್ನು ಮರೆಯುವವರೇ ಹೆಚ್ಚು. ‘ನರಳು’ ಎಂಬುದು ನೋವಿನ ಸದ್ದನ್ನು ಹೊರಗೆ ನಿಂತು ವರ್ಣಿಸುತ್ತದೆ. ‘ಅಯ್ಯೋ’ ಆ ಸದ್ದೇ ಆಗಿರುತ್ತದೆ. ‘ಅಯ್ಯೋ ಎಂದಳು’ ಎಂದಾಗ ಇನ್ನೊಬ್ಬರ ಸದ್ದನ್ನು ಎತ್ತಿ ತಂದಂತಾಯಿತು. ನಿಮ್ಮ ಭಾಷೆಯಲ್ಲಿ ಈ ಮೂರು ವಾಕ್ಯಗಳು ಹೇಗೆ ಬೇರೆಯಾಗುತ್ತವೆ ಎಂದು ಒಂದು ಹಾಳೆಯ ಮೇಲೆ ಬರೆಯಲು ಆಗದಿದ್ದರೆ ಪದ ಕಟ್ಟಲು ಇನ್ನೂ ಹೊತ್ತಾಗಿಲ್ಲ.

ಎಷ್ಟು ಪದ ಬೇಕು ಎಂಬುದನ್ನೂ ಈಗಲೇ ಗೊತ್ತುಮಾಡಿಕೊಳ್ಳಿ. 2001ರಲ್ಲಿ ಸೋನ್ಯಾ ಲ್ಯಾಂಗ್ ಹೊರತಂದ ಟೋಕಿ ಪೋನಾ ಎಂಬ ಕಲ್ಪಿತ ಭಾಷೆ ಎಲ್ಲ ಸದ್ದಿಗೂ ‘ಕಲಾಮಾ’, ಮಾತಿಗೆ ‘ಟೋಕಿ’, ಪ್ರಾಣಿಯ ಕೂಗಿಗೆ ‘ಮು’ ಎಂಬ ಮೂರು ಪದಗಳಲ್ಲೇ ಸುಧಾರಿಸಿಕೊಳ್ಳುತ್ತದೆ. ಅದರ ಒಟ್ಟು ಪದಗಳೇ ಹೆಚ್ಚುಕಡಿಮೆ 120 ಆದ್ದರಿಂದ ಅದು ನ್ಯಾಯವೇ. ಕಥೆ, ಸಂಭಾಷಣೆ ಬರೆಯುವಷ್ಟು ಭಾಷೆಗೆ 40 ಅನುಕರಣ ಧಾತು, 25 ಬಾಯಿಯ ಸದ್ದಿನ ಕ್ರಿಯಾಪದ, 12 ಉದ್ಗಾರ ಸಾಕು. ಇದಕ್ಕಿಂತ ಹೆಚ್ಚು ಬೇಕಾದರೆ ಯಂತ್ರ ಕೊಡುತ್ತದೆ, ಕೈಯಲ್ಲಿ ಕಟ್ಟಬೇಕಾಗಿಲ್ಲ.

ಸದ್ದನ್ನು ಮೂರು ತುಂಡು ಮಾಡಿ

ಯಾವ ಸದ್ದಿಗೂ ಒಂದು ಆರಂಭ, ಒಂದು ನಡು, ಒಂದು ಮುಗಿತಾಯ ಇರುತ್ತದೆ. ಒಂದು ಅಕ್ಷರಗುಚ್ಛಕ್ಕೂ ಮೊದಲ ವ್ಯಂಜನ, ಸ್ವರ, ಕೊನೆಯ ವ್ಯಂಜನ ಎಂಬ ಮೂರೇ ಭಾಗ. ಒಂದರ ಮೇಲೊಂದನ್ನು ಇಟ್ಟರೆ ಕೆಲಸ ಮುಕ್ಕಾಲು ಮುಗಿಯಿತು. ಕನ್ನಡದ ‘ಟಕ್’ ಮತ್ತು ‘ಠಣ್’ ಇಟ್ಟು ನೋಡಿ: ಎರಡೂ ತಟ್ಟನೆ ಶುರುವಾಗುತ್ತವೆ, ಆದರೆ ‘ಕ್’ ಸದ್ದನ್ನು ಅಲ್ಲೇ ಕತ್ತರಿಸುತ್ತದೆ, ‘ಣ್’ ಮೂಗಿನಲ್ಲಿ ಗುಂಯ್‌ಗುಡುತ್ತ ಉಳಿಯುತ್ತದೆ. ಮರಕ್ಕೆ ಬಡಿದದ್ದು ಟಕ್, ಲೋಹಕ್ಕೆ ಬಡಿದದ್ದು ಠಣ್. ಇದನ್ನು ಯಾರೂ ನಮಗೆ ಕಲಿಸಲಿಲ್ಲ.

ಸ್ವರ ಮತ್ತು ಗಾತ್ರದ ನಂಟನ್ನು 1929ರಲ್ಲಿ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ ಪ್ರಯೋಗ ಮಾಡಿ ತೋರಿಸಿದ. ‘ಮಿಲ್’, ‘ಮಾಲ್’ ಎಂಬ ಅರ್ಥವಿಲ್ಲದ ಪದಗಳಲ್ಲಿ ಯಾವುದು ದೊಡ್ಡ ಮೇಜು ಎಂದು ಕೇಳಿದಾಗ ಸುಮಾರು 80 ಶೇಕಡಾ ಮಂದಿ ‘ಮಾಲ್’ ಆರಿಸಿದರು. ಅದೇ ವರ್ಷ ಮನಶ್ಶಾಸ್ತ್ರಜ್ಞ ವೋಲ್ಫ್‌ಗಾಂಗ್ ಕೋಲರ್ ಚೂಪು ಆಕಾರಕ್ಕೆ ‘ಟಕೆಟೆ’, ದುಂಡು ಆಕಾರಕ್ಕೆ ‘ಬಲೂಮ’ ಹೊಂದುತ್ತದೆ ಎಂದು ತೋರಿಸಿದ. 2001ರಲ್ಲಿ ಸಂಶೋಧಕರಾದ ರಾಮಚಂದ್ರನ್ ಮತ್ತು ಹಬರ್ಡ್ ‘ಬೂಬಾ’, ‘ಕೀಕಿ’ ಎಂಬ ಹೆಸರುಗಳಿಂದ ಇದನ್ನೇ ಮತ್ತೆ ಮುಂದಕ್ಕೆ ತಂದರು. ಕಾರಣದ ಒಂದು ಭಾಗ ಬಾಯಿಯೊಳಗೇ ಇದೆ. 1952ರಲ್ಲಿ ಪೀಟರ್ಸನ್ ಮತ್ತು ಬಾರ್ನಿ ಅಳೆದ ಲೆಕ್ಕದಂತೆ ಅಮೆರಿಕದ ಇಂಗ್ಲಿಷ್ ಮಾತಾಡುವ ಗಂಡಸರ ‘ಈ’ ಸ್ವರದ ಎರಡನೆಯ ಅನುರಣನ (ಬಾಯಿಯ ಪೊಳ್ಳು ಎತ್ತಿ ಕೊಡುವ ಕಂಪನಗಳಲ್ಲಿ ಕೆಳಗಿನಿಂದ ಎರಡನೆಯದು) ಸುಮಾರು 2290 ಹರ್ಟ್ಜ್, ‘ಆ’ದ್ದು 1090, ‘ಊ’ದ್ದು 870. ‘ಈ’ ಕಿವಿಗೆ ತೆಳುವಾಗಿ, ‘ಊ’ ದಪ್ಪವಾಗಿ ಕೇಳುವುದು ಇದರಿಂದ.

ಇದನ್ನು ನಿಸರ್ಗದ ಕಟ್ಟಳೆ ಎಂದು ತಿಳಿಯಬೇಡಿ. ಕೊರಿಯನ್ ಭಾಷೆಯಲ್ಲಿ ‘ಅ’, ‘ಒ’ ಹಗುರ ಮತ್ತು ಸಣ್ಣದರ ಗುರುತು, ‘ಉ’ ದೊಡ್ಡದರ ಗುರುತು: ಸಣ್ಣ ತೊರೆ ‘ಜೋಲ್‌ಜೋಲ್’ ಎಂದು ಹರಿದರೆ ಅದಕ್ಕಿಂತ ದೊಡ್ಡ ಹರಿವು ‘ಜೂಲ್‌ಜೂಲ್’. ಜಪಾನಿ ಭಾಷೆ ಈ ಭಾರವನ್ನು ವ್ಯಂಜನದ ಮೇಲೆ ಹೊರಿಸುತ್ತದೆ. ಹಗುರ ವಸ್ತು ಉರುಳಿದರೆ ‘ಕೊರೊಕೊರೊ’, ಭಾರದ್ದಾದರೆ ‘ಗೊರೊಗೊರೊ’. ನೀವು ಬೇರೊಂದು ದಾರಿ ಹಿಡಿಯಬಹುದು, ಆದರೆ ಹಿಡಿದ ದಾರಿಯನ್ನು ನಡುವೆ ಬಿಡಬಾರದು.

ಈಗ ಲುವೇರದ ಕೋಷ್ಟಕ. ಆರಂಭದ ವ್ಯಂಜನ ಹತ್ತು:

– ‘ಪ’ ಟೊಳ್ಳು ಅಥವಾ ಒದ್ದೆ ವಸ್ತುವಿನ ಸಣ್ಣ ಬಡಿತ. ‘ಬ’ ಅದರದೇ ಭಾರದ ರೂಪ.
– ‘ತ’ ಗಟ್ಟಿ ವಸ್ತುವಿನ ಸಣ್ಣ ಬಡಿತ, ‘ದ’ ಭಾರದ್ದು.
– ‘ಕ’ ಬಿರುಕು, ಸೀಳು. ‘ಗ’ ಗಂಟಲಿನ ಅಥವಾ ಒಳಗಿನ ಸದ್ದು.
– ‘ಸ’ ತೆಳು ಗಾಳಿ, ಉಜ್ಜುವಿಕೆ. ‘ಹ’ ಉಸಿರು, ದೊಡ್ಡ ಗಾಳಿ.
– ‘ಲ’ ಮೆಲ್ಲಗೆ ಶುರುವಾಗುವ ನೀರಿನಂಥ ಸದ್ದು.
– ‘ಮ’ ಮುಚ್ಚಿದ ಬಾಯಿ, ಮುಚ್ಚಿದ ಡಬ್ಬಿ, ಗೋಡೆಯಾಚೆಯ ಸದ್ದು.

ಸ್ವರ ಐದು. ‘ಇ’ ತೆಳು, ‘ಅ’ ತೆರೆದದ್ದು, ‘ಉ’ ಆಳ, ‘ಒ’ ಟೊಳ್ಳು. ‘ಎ’ಗೆ ಬೇಕೆಂದೇ ಸಹಜವಲ್ಲದ ಕೆಲಸ ಕೊಟ್ಟಿದೆ: ಕೆಟ್ಟಿದೆ, ಒಡೆದಿದೆ, ಇರಬೇಕಾದಂತಿಲ್ಲ. ಇಂಥ ಒಂದು ಮನಸೋಯಿಚ್ಛೆಯ ಮೂಲೆ ಇದ್ದಾಗಲೇ ಕೋಷ್ಟಕ ಭಾಷೆಯಂತೆ ಕಾಣುತ್ತದೆ, ಪ್ರಯೋಗಾಲಯದ ವರದಿಯಂತೆ ಕಾಣುವುದಿಲ್ಲ.

ಕೊನೆಯ ವ್ಯಂಜನವೂ ಐದು. ‘ಕ್’ ತಟ್ಟನೆ ನಿಂತಿತು. ‘ನ್’ ಗುಂಯ್‌ಗುಟ್ಟುತ್ತ ಉಳಿಯಿತು. ‘ಸ್’ ಗಾಳಿಯಾಗಿ ಕರಗಿತು. ‘ರ್’ ನಡುಗಿತು, ಒರಟಾಯಿತು. ‘ಲ್’ ಹರಿಯುತ್ತ ಹೋಯಿತು.

ಹತ್ತು, ಐದು, ಐದು ಗುಣಿಸಿದರೆ 250 ಧಾತುಗಳು. ಇವನ್ನೆಲ್ಲ ತುಂಬಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. 40 ಆರಿಸಿ, ಉಳಿದವನ್ನು ಖಾಲಿ ಬಿಡಿ. ಕೆಲವು: ‘ತಿಕ್’ ಉಗುರು ಗಾಜಿಗೆ ತಾಗಿದ್ದು, ‘ತಿನ್’ ಸಣ್ಣ ಗಂಟೆ, ‘ತೆನ್’ ಬಿರುಕುಬಿಟ್ಟ ಗಂಟೆ, ‘ದುಕ್’ ಮೂಟೆ ನೆಲಕ್ಕೆ ಬಿದ್ದದ್ದು, ‘ದುನ್’ ದೊಡ್ಡ ಕಬ್ಬಿಣದ ಬಾಗಿಲು ಮುಚ್ಚಿದ್ದು, ‘ಪೊಕ್’ ಬಿರಡೆ ಕಿತ್ತದ್ದು, ‘ಕರ್’ ಬಟ್ಟೆ ಹರಿದದ್ದು, ‘ಲಿಲ್’ ಎಳೆ ನೀರು ಹರಿದದ್ದು, ‘ಲುಲ್’ ಹೊಳೆಯ ಹರಿವು, ‘ಮುನ್’ ಮುಚ್ಚಿದ ಕೋಣೆಯಾಚೆಯ ಗುಂಗು. ‘ತಿನ್’ ಪಕ್ಕದಲ್ಲಿ ‘ತೆನ್’ ಬಂದಾಗ ಓದುಗನಿಗೆ ಅರ್ಥ ಹೇಳಬೇಕಾಗಿಲ್ಲ. ಯಂತ್ರ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದೇ ಗುರುತು.

ಸದ್ದಿನ ಪದಗಳಿಗೆ ಭಾಷೆಯ ಉಳಿದ ಪದಗಳಿಗಿಲ್ಲದ ಸಲಿಗೆ ಕೊಡಬಹುದು. ಲುವೇರದ ಸಾಮಾನ್ಯ ಪದ ಯಾವುದೂ ‘ಕ್’ ಎಂದು ಮುಗಿಯುವುದಿಲ್ಲ, ಅನುಕರಣ ಪದ ಮುಗಿಯುತ್ತದೆ. ಇದು ಹುಚ್ಚಾಟವಲ್ಲ. ಕನ್ನಡದ ದೇಶಿ ಪದಗಳಲ್ಲಿ ಮಹಾಪ್ರಾಣವಿಲ್ಲ ಎನ್ನುತ್ತೇವೆ, ಆದರೂ ಧಗಧಗ, ಘಮಘಮ, ಝಣಝಣ ಎನ್ನಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಸಲಿಗೆ ಒಂದೋ ಎರಡೋ ನಿಯಮಕ್ಕೆ ಮಾತ್ರ ಇರಲಿ. ಐದಾರು ನಿಯಮ ಮುರಿದರೆ ಪದಗಳು ಬೇರೆ ಭಾಷೆಯಿಂದ ಬಂದಂತೆ ಕೇಳುತ್ತವೆ.

ಎರಡು ಸಲ ಹೇಳುವುದು

ಬಿಡಿ ಧಾತು ಒಂದೇ ಸಲದ ಸದ್ದು. ಇಡೀ ಧಾತು ಮರುಕಳಿಸಿದರೆ ಸದ್ದು ಒಂದೇ ಲಯದಲ್ಲಿ ಮತ್ತೆ ಮತ್ತೆ ಆಗುತ್ತಿದೆ: ‘ತಿಕ್‌ತಿಕ್’. ಸ್ವರ ಹಿಗ್ಗಿದರೆ ಒಂದೇ ಸದ್ದು ಎಳೆದುಕೊಂಡು ಹೋಯಿತು: ‘ತೀನ್’. ಎರಡನೆಯ ಸ್ವರ ಬದಲಾದರೆ ಲಯ ತಪ್ಪಿದೆ, ಅಥವಾ ಎರಡು ಬೇರೆ ಸದ್ದು ಸರದಿಯಂತೆ ಬರುತ್ತಿವೆ: ‘ತಿಕ್‌ತಕ್’. ಮೊದಲ ವ್ಯಂಜನ ಬದಲಾದರೆ ಹಲವು ವಸ್ತುಗಳ ಗಲಿಬಿಲಿ: ‘ತಕ್‌ಪಕ್’. ಕನ್ನಡದ ‘ಚಟಚಟ’ ಮತ್ತು ‘ಚಟಪಟ’ ನಡುವೆ ಇರುವ ವ್ಯತ್ಯಾಸವೂ ಈ ಜಾತಿಯದೇ.

ಇಲ್ಲಿ ಕೆಡುವುದು ಸಂಧಿಯಲ್ಲಿ. ‘ಪೊನ್’ ಮರುಕಳಿಸಿದರೆ ‘ನ್’ ಮುಂದಿನ ‘ಪ’ಕ್ಕೆ ಸೋತು ‘ಪೊಂಪೊನ್’ ಆಗುತ್ತದೆ. ಅದಕ್ಕೆ ಕೊನೆಯಲ್ಲಿ ‘ನ್’, ‘ಮ್’ ಎರಡನ್ನೂ ಇಡಬೇಡಿ, ಮರುಕಳಿಸಿದ ಕೂಡಲೇ ಎರಡೂ ಒಂದಾಗಿ ಅರ್ಥಭೇದ ಅಳಿಸಿಹೋಗುತ್ತದೆ. ಲುವೇರದಲ್ಲಿ ಒಂದೇ ಅನುನಾಸಿಕ ಉಳಿಸಿದ್ದು ಇದೇ ಕಾರಣಕ್ಕೆ. ಇನ್ನೊಂದು ತೊಡಕು, ಆರಂಭ ಮತ್ತು ಕೊನೆ ಒಂದೇ ಆಗಿರುವ ‘ಸಿಸ್’, ‘ಲುಲ್’ ಥರದವು. ‘ಸಿಸ್ಸಿಸ್’ ಎಂದರೆ ಎಲ್ಲಿ ಮುರಿಯಬೇಕೆಂದು ಕಿವಿಗೆ ತಿಳಿಯುವುದಿಲ್ಲ. ನಡುವೆ ಒಂದು ‘ಅ’ ಹಾಕುವ ನಿಯಮ ಮಾಡಿ: ‘ಸಿಸಸಿಸ್’, ‘ಲುಲಲುಲ್’.

ಎಲ್ಲವನ್ನೂ ಮರುಕಳಿಸುವ ಚಾಳಿ ಹೊಸಬರಲ್ಲಿ ಹೆಚ್ಚು. ಪುಟದ ತುಂಬ ಜೋಡಿಪದಗಳಾದರೆ ಬರಹ ಮಕ್ಕಳ ಹಾಡಿನಂತಾಗುತ್ತದೆ. ಪಾತ್ರೆ ಒಮ್ಮೆ ಬಿದ್ದರೆ ಒಮ್ಮೆಯೇ ಹೇಳಿ.

ವಾಕ್ಯಕ್ಕೆ ಜೋಡಿಸುವ ಕೀಲು

ಅನುಕರಣ ಪದ ವಾಕ್ಯದೊಳಗೆ ಹೇಗೆ ಕೂರುತ್ತದೆ? ಜಗತ್ತಿನ ಹಲವು ಭಾಷೆಗಳು ‘ಹೇಳು’ ಎಂಬ ಕ್ರಿಯಾಪದದ ನೆರವು ಪಡೆಯುತ್ತವೆ. ಕನ್ನಡದ ‘ಧಡ್ ಎಂದಿತು’, ‘ಥಟ್ಟನೆ’ ಎರಡರ ಹಿಂದೆಯೂ ಇರುವುದು ‘ಎನ್’ ಧಾತು. ಇಥಿಯೋಪಿಯಾದ ಅಂಹಾರಿಕ್ ಭಾಷೆಯಲ್ಲಿ ಸುಮ್ಮನಾಗುವುದಕ್ಕೆ ‘ಝಂ ಎನ್ನು’ ಎಂಬ ಅರ್ಥದ ಮಾತೇ ಇದೆ. ಸುಮ್ಮನಿರುವುದನ್ನೂ ‘ಹೇಳಿ’ಸುವ ಈ ಚೆಲುವು ಕದಿಯಲು ಯೋಗ್ಯ.

ತುರ್ಕಿ ಭಾಷೆ ಪ್ರತ್ಯಯಗಳ ದಾರಿ ಹಿಡಿದಿದೆ: ಪಿಸುಗುಟ್ಟುವುದಕ್ಕೆ ‘ಫಸಲ್ದಮಕ್’, ಪಿಸುಮಾತಿಗೆ ‘ಫಸಲ್ತ’. ಒಂದೇ ಧಾತು, ಒಂದು ಪ್ರತ್ಯಯಕ್ಕೆ ಕ್ರಿಯೆ, ಇನ್ನೊಂದಕ್ಕೆ ಹೆಸರು. ಗೊರಕೆ, ಗದ್ದಲ, ನೀರಿನ ಸದ್ದು ಎಲ್ಲವೂ ಇದೇ ಅಚ್ಚಿನಲ್ಲಿ ಬರುತ್ತವೆ. ಕನ್ನಡದ ‘ಗುಟ್ಟು’ ಕೂಡ ಹೀಗೇ ದುಡಿಯುತ್ತದೆ: ಪಿಸುಗುಟ್ಟು, ವಟಗುಟ್ಟು, ಬುಸುಗುಟ್ಟು, ಲೊಚಗುಟ್ಟು, ಹೂಂಗುಟ್ಟು. ಇಂಥ ಒಂದು ಪ್ರತ್ಯಯ ನಿಮ್ಮ ಭಾಷೆಯಲ್ಲಿದ್ದರೆ 25 ಕ್ರಿಯಾಪದಗಳಲ್ಲಿ ಅರ್ಧ ಪುಕ್ಕಟೆ ಬಂದಂತೆ.

ಲುವೇರದಲ್ಲಿ ಎರಡೂ ಇವೆ. ‘ವೆ’ ಎಂದರೆ ಹೇಳು: ‘ತಿಕ್ ವೆ’. ದಿನವೂ ಬಳಕೆಯಾಗುವವು ಸವೆದು ಒಂದಾಗಿವೆ: ‘ಮುರ್ವೆ’, ಅಂದರೆ ಗೊಣಗು. ಹೆಸರಿಗೆ ‘ಉರ’: ‘ತಿಕುರ’. ಸದ್ದು ಮಾಡುವ ವಸ್ತುವಿಗೆ ‘ಅಲಿ’: ‘ತಿನಲಿ’, ಗಂಟೆ. ಯಾವುದು ಬಿಡಿಯಾಗಿ ಉಳಿದಿದೆ, ಯಾವುದು ಬೆಸೆದುಕೊಂಡಿದೆ ಎಂಬುದರಿಂದಲೇ ಯಾವ ಪದ ಹಳೆಯದು ಎಂದು ಓದುಗ ಊಹಿಸಬಲ್ಲ.

ಬಾಯಿಯಿಂದ ಬರುವ ಸದ್ದು

ಇದು ಇಡೀ ಕೆಲಸದಲ್ಲಿ ಶ್ರೀಮಂತ ಭಾಗ, ಅಷ್ಟೇ ಅಪಾಯದ್ದು ಕೂಡ. ಅಳು, ನಗು, ಕೂಗು ಎಂದು ಭಾವದ ಮೇಲೆ ವಿಂಗಡಿಸಲು ಹೊರಟರೆ ಗೊತ್ತಿಲ್ಲದೆ ನಿಮ್ಮ ತಾಯ್ನುಡಿಯ ವಿಂಗಡಣೆಯೇ ಇಳಿದುಬಿಡುತ್ತದೆ. ಭಾವವನ್ನು ಪಕ್ಕಕ್ಕಿಟ್ಟು ದೇಹದಿಂದ ಶುರುಮಾಡಿ. ಪ್ರತಿ ಸದ್ದಿಗೂ ಆರು ಪ್ರಶ್ನೆ:

1. ಧ್ವನಿತಂತುಗಳು ಕಂಪಿಸುತ್ತಿವೆಯೇ?
2. ಬಾಯಿ ತೆರೆದಿದೆಯೇ?
3. ಉಸಿರು ಹೊರಕ್ಕೋ, ಒಳಕ್ಕೋ?
4. ಮನಸ್ಸು ಮಾಡಿದರೆ ತಡೆಯಬಹುದೇ?
5. ಅದರೊಳಗೆ ಮಾತಿದೆಯೇ?
6. ಅದು ಇನ್ನೊಬ್ಬರ ಕಿವಿಗೆಂದು ಹೊರಟದ್ದೇ?

ಆರಕ್ಕೂ ಹೌದು–ಅಲ್ಲ ಎಂದರೆ 64 ಕೋಶ. ಹಲವು ಖಾಲಿ ಬೀಳುತ್ತವೆ: ಬಾಯಿ ಮುಚ್ಚಿ ಸ್ಪಷ್ಟ ಮಾತಾಡಲು ಬಾರದು. ಉಳಿದವುಗಳಲ್ಲಿ 25 ಕೋಶಕ್ಕೆ ಪದ ಕೊಟ್ಟರೆ ಸಾಕು. ಕನ್ನಡವನ್ನೇ ಇದರಲ್ಲಿ ಇಳಿಸಿ ನೋಡಿದರೆ ವಿಧಾನ ತಿಳಿಯುತ್ತದೆ. ‘ಪಿಸುಗುಟ್ಟು’ವಿನಲ್ಲಿ ತಂತು ಕಂಪಿಸುವುದಿಲ್ಲ, ಮಾತಿದೆ, ಕಿವಿ ಇದೆ. ‘ಗೊಣಗು’ವಿನಲ್ಲಿ ಮಾತಿದೆ, ಕಿವಿ ಇಲ್ಲ, ಇದ್ದರೂ ಇಲ್ಲದಂತೆ ನಟನೆ. ‘ಗದರು’ವಿಗೆ ಎದುರಾಳಿ ಬೇಕೇ ಬೇಕು. ‘ಮುಲುಗು’ವಿಗೆ ಮಾತೂ ಬೇಡ, ಎದುರಾಳಿಯೂ ಬೇಡ. ‘ಬಿಕ್ಕು’ವಿನಲ್ಲಿ ಉಸಿರು ಒಳಕ್ಕೆ ಜಗ್ಗುತ್ತದೆ, ತಡೆಯಲಾಗುವುದಿಲ್ಲ. ‘ಲೊಚಗುಟ್ಟು’ವಿಗೆ ಉಸಿರೇ ಬೇಡ, ನಾಲಿಗೆ ಸಾಕು. ದಕ್ಷಿಣ ಆಫ್ರಿಕಾದ ಜುಲು, ಖೋಸಾ ಭಾಷೆಗಳಲ್ಲಿ ಈ ಬಗೆಯ ನಾಲಿಗೆ ಸದ್ದುಗಳು ಸಾಮಾನ್ಯ ವ್ಯಂಜನಗಳು ಎಂಬುದು ನೆನಪಿರಲಿ. ನಿಮ್ಮ ಭಾಷೆಯಲ್ಲಿ ಅವು ವ್ಯಂಜನಗಳಾಗಿದ್ದರೆ ಮರುಕ ತೋರಿಸಲು ಬೇರೆ ಸದ್ದು ಹುಡುಕಬೇಕು.

ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ, ಹೊಸತು ಸಿಗುವುದು ಅಲ್ಲೇ. ಸ್ವೀಡನ್ನಿನ ಉತ್ತರ ಭಾಗದಲ್ಲಿ ಉಸಿರನ್ನು ಸರ್ರನೆ ಒಳಗೆಳೆದುಕೊಳ್ಳುವುದೇ ‘ಹೌದು’ ಎಂಬ ಉತ್ತರ. ಒಳಉಸಿರಿನ ಒಂದು ಸದ್ದಿಗೆ ನಿಮ್ಮ ಭಾಷೆಯಲ್ಲೂ ಸಾಮಾಜಿಕ ಅರ್ಥ ಕೊಟ್ಟರೆ ಪಾತ್ರಗಳಿಗೆ ತಕ್ಷಣ ದೇಹ ಬರುತ್ತದೆ.

ನಗುವನ್ನು ಅಕ್ಷರಕ್ಕಿಳಿಸುವಾಗ ಅಳತೆ ಗೊತ್ತಿದ್ದರೆ ಒಳ್ಳೆಯದು. ನಗುವನ್ನು ಅಧ್ಯಯನ ಮಾಡಿದ ರಾಬರ್ಟ್ ಪ್ರೊವೈನ್ ಅಳೆದಂತೆ ನಗುವಿನ ಒಂದೊಂದು ತುಣುಕು ಸುಮಾರು 75 ಮಿಲಿಸೆಕೆಂಡು, ಒಂದರಿಂದ ಇನ್ನೊಂದರ ಆರಂಭಕ್ಕೆ ಸುಮಾರು 210 ಮಿಲಿಸೆಕೆಂಡು. ಸೆಕೆಂಡಿಗೆ ಹತ್ತಿರಹತ್ತಿರ ಐದು. ಅದಕ್ಕೆ ನಗುವಿಗೆ ಹ್ರಸ್ವ ಸ್ವರವೇ ಸರಿ, ‘ಹಹಹ’. ‘ಹಾ ಹಾ ಹಾ’ ಎಂದು ಎಳೆದರೆ ನಾಟಕದ ಖಳನ ನಗು. (ಥಾಯ್ ಭಾಷೆಯಲ್ಲಿ ಐದಕ್ಕೆ ‘ಹಾ’ ಎನ್ನುತ್ತಾರೆ, ಆದ್ದರಿಂದ ಅಲ್ಲಿನವರು ನಗುವನ್ನು 555 ಎಂದು ಬರೆಯುತ್ತಾರೆ. ನಿಮ್ಮ ಭಾಷೆಯ ಅಂಕಿಗಳ ಹೆಸರನ್ನೂ ಒಮ್ಮೆ ನೋಡಿಕೊಳ್ಳಿ.)

ಮುಗುಳ್ನಗೆಯಲ್ಲಿ ಸದ್ದೇ ಇಲ್ಲ. ಕನ್ನಡ ಎರಡನ್ನೂ ‘ನಗು’ವಿನೊಳಗೆ ಸೇರಿಸಿದೆ. 1887ರಲ್ಲಿ ಝಾಮೆನ್‌ಹೋಫ್ ಹೊರತಂದ ಎಸ್ಪೆರಾಂಟೊ ಎಂಬ ಕಲ್ಪಿತ ಭಾಷೆಯಲ್ಲೂ ‘ರೀದಿ’ ನಗು, ಅದಕ್ಕೆ ಕಿರಿದಾಗಿಸುವ ಪ್ರತ್ಯಯ ಹಚ್ಚಿದ ‘ರಿದೇತಿ’ ಮುಗುಳ್ನಗು, ಹಿರಿದಾಗಿಸಿದ ‘ರಿದೇಗಿ’ ಗಹಗಹಿಸು, ಮುಂದೆ ‘ಎಕ್’ ಹಚ್ಚಿದ ‘ಎಕ್‌ರೀದಿ’ ಫಕ್ಕನೆ ನಕ್ಕದ್ದು. ಮೂರು ತುಣುಕಿನಿಂದ ಇಡೀ ನಗುವಿನ ಸಂಸಾರ. ಅಳು, ಕೂಗು, ಮಾತಿಗೂ ಅವೇ ತುಣುಕು ಒದಗುತ್ತವೆ. ಮಿತವ್ಯಯ ಮೆಚ್ಚಬೇಕು, ಆದರೆ ಎಲ್ಲ ಭಾವವೂ ಒಂದೇ ಮೆಟ್ಟಿಲಿನಲ್ಲಿ ಏರಿಳಿಯುತ್ತದೆ ಎಂಬ ಭ್ರಮೆಗೆ ಅದು ಎಡೆಮಾಡುತ್ತದೆ. ದೊಡ್ಡ ಅಳು ಎಂದರೆ ಸಣ್ಣ ಅಳುವಿನ ಹೆಚ್ಚಳ ಅಷ್ಟೇ ಅಲ್ಲ, ಉಸಿರಿನ ಬಗೆಯೇ ಬೇರೆ.

ಲುವೇರದ ಕೆಲವು ಕ್ರಿಯಾಪದಗಳು: ‘ಸುಸ್ವೆ’ ಪಿಸುಗುಟ್ಟು, ‘ಮುರ್ವೆ’ ಗೊಣಗು, ‘ಮುನ್ವೆ’ ಬಾಯಿ ಮುಚ್ಚಿ ರಾಗ ಗುನುಗು, ‘ಹುಸ್ವೆ’ ನಿಟ್ಟುಸಿರಿಡು, ‘ಹಿಕ್ವೆ’ ಬಿಕ್ಕು, ‘ಗರ್ವೆ’ ಗದರು, ‘ಮುಕ್ವೆ’ ಬಂದ ಸದ್ದನ್ನು ಗಂಟಲಲ್ಲೇ ನುಂಗು. ಕೊನೆಯದಕ್ಕೆ ಕನ್ನಡದಲ್ಲಿ ಒಂದೇ ಪದವಿಲ್ಲ, ಆದರೆ ಕೋಷ್ಟಕದಲ್ಲಿ ‘ಮುಚ್ಚಿದ ಬಾಯಿ, ಆಳ, ತಟ್ಟನೆ ನಿಂತದ್ದು’ ಎಂಬ ಕೋಶ ಇತ್ತು, ಪದ ತಾನೇ ಬಂತು.

ಈಗ ಇದರಲ್ಲಿ ಮೂರನೇ ಒಂದು ಭಾಗವನ್ನು ಅನುಕರಣದಿಂದ ಬಿಡಿಸಿ. ‘ಹಾಡು’ ಲುವೇರದಲ್ಲಿ ‘ತೊವ’, ಯಾವ ಸದ್ದನ್ನೂ ಹೋಲುವುದಿಲ್ಲ. ‘ಅಳು’ವಿಗೆ ಕಣ್ಣು ಎಂಬ ಅರ್ಥದ ‘ನೆ’ ಸೇರಿಸಿ ‘ನೆಲಿಲ್ವೆ’: ಕಣ್ಣು ಎಳೆ ನೀರಾಗಿ ಹರಿಯಿತು. ಎಲ್ಲ ಪದವೂ ಸದ್ದನ್ನೇ ಅನುಕರಿಸಿದರೆ ಭಾಷೆ ಚಿತ್ರಪುಸ್ತಕವಾಗುತ್ತದೆ. ಕನ್ನಡದ ‘ಅಳು’ ಅಳುವಿನಂತೆ ಕೇಳುವುದಿಲ್ಲವಲ್ಲ!

ಪ್ರಾಣಿಗಳ ಕೂಗು

ಇದನ್ನು ಬೇಗ ಮುಗಿಸಬಹುದು. ಹುಂಜದ ಕೂಗು ಜರ್ಮನ್ನರಿಗೆ ‘ಕಿಕೆರಿಕಿ’, ಫ್ರೆಂಚರಿಗೆ ‘ಕೊಕೊರಿಕೊ’, ಜಪಾನಿಗಳಿಗೆ ‘ಕೊಕೆಕೊಕ್ಕೊ’. ಹಕ್ಕಿ ಒಂದೇ, ಕಿವಿ ಬೇರೆ. ನಿಮ್ಮ ವರ್ಣಮಾಲೆ ಬಿಟ್ಟಷ್ಟೇ ಅನುಕರಿಸಿ. ಕ್ರಿಯಾಪದ ಮಾತ್ರ ಆ ಜನ ಸಾಕಿದ, ಹೆದರಿದ, ಬೇಟೆಯಾಡಿದ ಪ್ರಾಣಿಗಳಿಗಷ್ಟೇ ಬೇರೆಯಾಗಿರಲಿ. ಕನ್ನಡದಲ್ಲಿ ಆನೆ ಘೀಳಿಡುತ್ತದೆ, ಕುದುರೆ ಕೆನೆಯುತ್ತದೆ, ನರಿ ಊಳಿಡುತ್ತದೆ, ಗೂಳಿ ಗುಟುರು ಹಾಕುತ್ತದೆ. ಪರಿಚಯ ಕಡಿಮೆಯಿರುವ ಪ್ರಾಣಿಗಳೆಲ್ಲ ಸುಮ್ಮನೆ ಕೂಗುತ್ತವೆ. ಉಳಿದವಕ್ಕೆ ಎಸ್ಪೆರಾಂಟೊದ ‘ಬ್ಲೇಕಿ’ಯಂತೆ ಒಂದು ಸಾಮಾನ್ಯ ಪದ ಸಾಕು. ಸಮುದ್ರವನ್ನೇ ಕಾಣದ ಜನಕ್ಕೆ ಕಡಲಹಕ್ಕಿಯ ಕೂಗಿಗೆ ಬೇರೆ ಪದ ಇದ್ದರೆ ಅದು ನಿಮ್ಮ ತಪ್ಪು.

ಉದ್ಗಾರಗಳು

ಹನ್ನೆರಡು ಸಂದರ್ಭ ಬರೆದುಕೊಳ್ಳಿ: ನೋವು, ಬೆಚ್ಚುವುದು, ಅಚ್ಚರಿ, ಹೇಸಿಗೆ, ನಿರಾಳ, ಒಪ್ಪಿಗೆ, ನಿರಾಕರಣೆ, ಕೇಳಿಸಿಕೊಳ್ಳುತ್ತಿದ್ದೇನೆ ಎಂಬ ‘ಹೂಂ’, ಕೇಳಿಸಲಿಲ್ಲ ಎಂಬ ‘ಹಾಂ?’, ದೂರದವರನ್ನು ಕರೆಯುವುದು, ಸುಮ್ಮನಿರಿಸುವುದು, ಮರುಕ. ಇದರಲ್ಲಿ ‘ಹಾಂ?’ ವಿಚಿತ್ರದ್ದು. 2013ರಲ್ಲಿ ಡಿಂಗೆಮಾನ್ಸೆ, ಟೊರೆಯ್ರಾ, ಎನ್‌ಫೀಲ್ಡ್ ಎಂಬ ಮೂವರು ಭಾಷಾವಿಜ್ಞಾನಿಗಳು 10 ಭಾಷೆಗಳನ್ನು ಹತ್ತಿರದಿಂದ ಹೋಲಿಸಿದಾಗ ಈ ಪದ ಎಲ್ಲೆಡೆ ಬಹುತೇಕ ಒಂದೇ ಥರ ಇರುವುದು ಕಂಡಿತು: ಒಂದೇ ಗುಚ್ಛ, ಸಡಿಲ ಸ್ವರ, ಪ್ರಶ್ನೆಯ ಧಾಟಿ. ಮಾತಿನ ನಡುವೆ ಕ್ಷಣದಲ್ಲಿ ಎಸೆಯಬೇಕಾದ ಸದ್ದು ಸುಲಭವಾಗಿರಲೇಬೇಕು. ಇದಕ್ಕೆ ಮೂರು ಅಕ್ಷರದ ಸೊಗಸಾದ ಪದ ಕಟ್ಟಿದರೆ ಯಾರೂ ಬಳಸುವುದಿಲ್ಲ.

ಲೋಜ್‌ಬಾನ್ ಎಂಬ, ತರ್ಕಕ್ಕೆ ಒಗ್ಗುವಂತೆ ಕಟ್ಟಿದ ಕಲ್ಪಿತ ಭಾಷೆ ಉದ್ಗಾರವನ್ನೂ ಲೆಕ್ಕಾಚಾರಕ್ಕೆ ತಂದಿದೆ. ‘ಉಇ’ ಸಂತೋಷ, ‘ಒಇ’ ದೂರು, ‘ಉಎ’ ಅಚ್ಚರಿ. ಹಿಂದೆ ‘ಸೈ’ ಸೇರಿದರೆ ತೀವ್ರ, ‘ಶೈ’ ಪರಮಾವಧಿ, ‘ರುಹೆ’ ಮೆಲು, ‘ನೈ’ ಸೇರಿದರೆ ಭಾವ ತಿರುಗುಮುರುಗು. ತರ್ಕದ ಭಾಷೆಗೆ ಅದು ಹೊಂದುತ್ತದೆ. ಮನುಷ್ಯರ ಭಾಷೆಯೆಂದು ನಂಬಿಸಬೇಕಾದಲ್ಲಿ ಉದ್ಗಾರಗಳು ಒರಟಾಗಿ, ಒಂದಕ್ಕೊಂದು ಹೊಂದದೆ ಇರಲಿ. ಒಂದೆರಡು ದೇವರ ಅಥವಾ ತಾಯಿಯ ಹೆಸರು ಸವೆದು ಬಂದವಾಗಿರಲಿ.

ದನಿಯ ಗುಣ ಮತ್ತು ಮೌನ

ದನಿಗೆ ‘ಎತ್ತರ’ ಇದೆ ಎನ್ನುವುದು ಒಂದು ರೂಪಕ ಮಾತ್ರ. ಪಾರ್ಸಿ ಮತ್ತು ತುರ್ಕಿ ಭಾಷೆಗಳಲ್ಲಿ ದನಿ ತೆಳು, ದಪ್ಪ. ಕನ್ನಡ ಎರಡನ್ನೂ ಬಳಸುತ್ತದೆ: ಏರುದನಿ, ದಪ್ಪ ದನಿ. ನೀವು ಒಂದನ್ನು ಆರಿಸಿ ಹಾಡು, ವಾದ್ಯ, ಸಿಟ್ಟು ಎಲ್ಲಕ್ಕೂ ಅದನ್ನೇ ಎಳೆಯಿರಿ. ಬಿಸಿ–ತಂಪು, ಹತ್ತಿರ–ದೂರ, ಹಳತು–ಎಳತು, ಯಾವುದೂ ಆಗಬಹುದು. ಆದರೆ ‘ಜೋರು’ ಮತ್ತು ‘ತೆಳು’ ಒಂದೇ ಪದದಲ್ಲಿ ಕಲೆಯದಿರಲಿ, ಸಣ್ಣ ದನಿ ಎಂದರೆ ಮೆಲುವೋ ಕೀರಲೋ ಎಂಬ ಗೊಂದಲ ನಮ್ಮಲ್ಲೇ ಸಾಕಷ್ಟಿದೆ.

ಮೌನಕ್ಕೆ ಕನಿಷ್ಠ ಎರಡು ಪದ ಬೇಕು. ಜನ ಸುಮ್ಮನಿದ್ದರೆ ಮೌನ, ಜಾಗ ಸುಮ್ಮನಿದ್ದರೆ ನಿಶ್ಶಬ್ದ. ಜಪಾನಿ ಭಾಷೆಯಲ್ಲಿ ನಿಶ್ಶಬ್ದಕ್ಕೂ ‘ಶೀನ್’ ಎಂಬ ಅನುಕರಣ ಪದವಿದೆ. ಲುವೇರದಲ್ಲಿ ‘ಹುನ್’: ಉಸಿರು, ಆಳ, ಗುಂಗು.

ಅಲ್ಲಿಂದ ಮುಂದೆ ಸದ್ದಿಲ್ಲದ ಸಂಗತಿಗಳಿಗೂ ಇದೇ ಪದಗಳನ್ನು ಚಾಚಬಹುದು, ಆದರೆ ಕ್ರಮ ಇದೆ. 2012ರಲ್ಲಿ ಡಿಂಗೆಮಾನ್ಸೆ ಮುಂದಿಟ್ಟ ಏಣಿಯಂತೆ ಮೊದಲು ಸದ್ದು, ಆಮೇಲೆ ಚಲನೆ, ಕಣ್ಣಿಗೆ ಕಾಣುವುದು, ಉಳಿದ ಇಂದ್ರಿಯಗಳು, ಕೊನೆಗೆ ಒಳಗಿನ ಭಾವ. ಮೇಲಿನ ಮೆಟ್ಟಿಲಿರುವ ಭಾಷೆಗೆ ಕೆಳಗಿನವೂ ಇರುತ್ತವೆ. ಕನ್ನಡ ತುದಿಯವರೆಗೂ ಹೋಗಿದೆ: ಪಟಪಟ, ಸರಸರ, ಥಳಥಳ, ಘಮಘಮ, ಚುರುಚುರು, ಧಿಗಿಲು. ಒಳಭಾವಕ್ಕೆ ಹತ್ತು ಪದ ಮಾಡಿ ಚಲನೆಗೆ ಒಂದೂ ಮಾಡದಿದ್ದರೆ ಏಣಿಯ ನಡುವಿನ ಮೆಟ್ಟಿಲು ಮುರಿದಂತೆ.

ಪದಗಳಿಗೆ ವಯಸ್ಸು ಕೊಡುವುದು

ನಿಮ್ಮ ಭಾಷೆಗೆ ಧ್ವನಿ ಬದಲಾವಣೆಯ ಇತಿಹಾಸ ಇದ್ದರೆ ಸದ್ದಿನ ಪದಗಳು ಅದಕ್ಕೆ ಎರಡು ರೀತಿ ಒಡ್ಡಿಕೊಳ್ಳುತ್ತವೆ. ಕೆಲವು ಸವೆದು ಗುರುತೇ ಸಿಗದಂತಾಗುತ್ತವೆ: ಮರಿಹಕ್ಕಿಯ ಕೂಗನ್ನು ಅನುಕರಿಸಿದ ಲ್ಯಾಟಿನ್ನಿನ ‘ಪಿಪಿಯೊ’ ಫ್ರೆಂಚಿನಲ್ಲಿ ‘ಪಿಝೊನ್’ ಆಗಿ, ಇಂಗ್ಲಿಷಿನಲ್ಲಿ ‘ಪಿಜನ್’ ಆಗಿ, ಪೀಪೀ ಎಂಬ ಕೂಗನ್ನು ಕಳೆದುಕೊಂಡಿತು. ಕೆಲವು ಬಗ್ಗುವುದೇ ಇಲ್ಲ: ಹಳಗನ್ನಡದ ಪಾಲ್, ಪೂ, ಪಲ್ ಎಲ್ಲ ಹಾಲು, ಹೂ, ಹಲ್ಲು ಆದರೂ ಪಟಪಟ, ಪಳಪಳ, ಪಿಸಪಿಸ ಇಂದಿಗೂ ‘ಪ’ಕಾರವನ್ನು ಬಿಟ್ಟುಕೊಟ್ಟಿಲ್ಲ. 40 ಧಾತುಗಳಲ್ಲಿ ಎಂಟು ಹತ್ತನ್ನು ಸವೆಯಲು ಬಿಡಿ, ಅವು ಈಗ ಸಾಮಾನ್ಯ ನಾಮಪದಗಳಾಗಿರಲಿ. ಉಳಿದವು ನಿನ್ನೆ ಹುಟ್ಟಿದಂತೆ ಗರಿಗರಿಯಾಗಿರಲಿ.

ಪರೀಕ್ಷೆ ಮತ್ತು ದಾಖಲೆ

20 ಜೋಡಿ ಪದ ಬರೆದು, ಪ್ರತಿ ಜೋಡಿಗೆ ಒಂದು ನಿಜವಾದ ಸದ್ದಿನ ಧ್ವನಿಮುದ್ರಣ ಇಟ್ಟು, ಭಾಷೆ ಗೊತ್ತಿಲ್ಲದ ಐವರಿಗೆ ಯಾವ ಪದ ಹೊಂದುತ್ತದೆ ಎಂದು ಕೇಳಿ. ಕಣ್ಣುಮುಚ್ಚಿ ಹೇಳಿದರೂ 10 ಸರಿಯಾಗುತ್ತವೆ. ಒಬ್ಬರು 15 ಮುಟ್ಟಿದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ಸುಮಾರು 2 ಶೇಕಡಾ, ಅಂದರೆ ಕೋಷ್ಟಕ ಕೇಳಿಸುತ್ತಿದೆ. 20ಕ್ಕೆ 20 ಬಂದರೆ ಹಿಗ್ಗಬೇಡಿ. ಪರೀಕ್ಷೆಗೆ ಕೂತವರು ನಿಮ್ಮ ತಾಯ್ನುಡಿಯವರೇ ಆಗಿದ್ದು, ನೀವು ಕನ್ನಡದ ಪದಗಳನ್ನೇ ಕತ್ತರಿಸಿ ಅಂಟಿಸಿರುವ ಸಂಭವ ಹೆಚ್ಚು. ಬೇರೆ ನುಡಿಯ ಇಬ್ಬರನ್ನಾದರೂ ಸೇರಿಸಿ.

ನಿಘಂಟಿನ ನಮೂದಿನಲ್ಲಿ ಅರ್ಥಕ್ಕಿಂತ ಮುಖ್ಯವಾದದ್ದು ಎಲ್ಲಿ ಬಳಸಬಾರದು ಎಂಬ ಸಾಲು. ಅದಿಲ್ಲದಿದ್ದರೆ ಮೂರು ತಿಂಗಳಲ್ಲಿ ‘ಗೊಣಗು’, ‘ಮುಲುಗು’, ‘ಗುನುಗು’ ಒಂದರೊಳಗೊಂದು ಕಲೆತುಹೋಗುತ್ತವೆ. ಹೀಗೆ ಬರೆಯಬಹುದು:

ಮುಕ್ವೆ (ಕ್ರಿಯೆ). ರಚನೆ: ಮ + ಉ + ಕ್, ವೆ. ಬಾಯಿ ಮುಚ್ಚಿದೆ, ತಂತು ಒಂದು ಕ್ಷಣ ಕಂಪಿಸಿ ನಿಂತಿದೆ, ಮಾತಿಲ್ಲ, ಕೇಳುವವರಿಗೆಂದು ಅಲ್ಲ, ತಡೆದದ್ದು ಬೇಕೆಂದೇ. ಅರ್ಥ: ಹೊರಬರಬೇಕಿದ್ದ ಅಳು, ನಗು ಅಥವಾ ಕೂಗನ್ನು ಗಂಟಲಲ್ಲೇ ನುಂಗು. ಮರುಕಳಿಸಿದರೆ ‘ಮುಂಮುಕ್ವೆ’ ಆಗುವುದಿಲ್ಲ, ‘ಮುಕ್‌ಮುಕ್ವೆ’: ತಡೆಯಲು ಮತ್ತೆ ಮತ್ತೆ ಹೆಣಗು. ಹೆಸರು: ಮುಕುರ. ಬಳಕೆ ಒಂದು: ಸಭೆಯಲ್ಲಿ ನಗು ತಡೆದವರಿಗೆ. ಬಳಕೆ ಎರಡು: ಗಾಯ ತೊಳೆಸಿಕೊಳ್ಳುವ ಮಗುವಿಗೆ. ಬಳಸಬಾರದು: ನಿದ್ದೆಯಲ್ಲಿರುವವರಿಗೆ, ಪ್ರಾಣಿಗಳಿಗೆ, ಆಹಾರ ನುಂಗುವುದಕ್ಕೆ, ಆಹಾರಕ್ಕೆ ‘ಗುಕ್ವೆ’.